ಅತ್ತೆ ಕಳಿಸಿದ ಕ್ಲಾಸು

ಆ ಲಾಂಡ್ರಿಯಲ್ಲಿ ಅತ್ತೆ ಇಸ್ತ್ರಿಯ ಕಡೆ, ಸೊಸೆ ಮಡಿಸುವ ಮೇಜಿನ ಕಡೆ. ಇಬ್ಬರ ನಡುವೆ ಚಕ್ರದ ಬುಟ್ಟಿಯೊಂದರಲ್ಲಿ, ಆಗಷ್ಟೇ ಒಣಗಿ ಬಂದ ಬೆಚ್ಚನೆಯ ದಿಂಬಿನ ಚೀಲಗಳ ಮೇಲೆ, ಮಗು ಮಲಗಿರುತ್ತಿತ್ತು. ದುಂಡಗೆ, ಗಟ್ಟಿಮುಟ್ಟಾಗಿ, ಕೂರಿಸಿದ ಕಡೆ ಕೂರುತ್ತಿದ್ದ ಆ ಹೆಣ್ಣುಮಗುವಿಗೆ ಅಜ್ಜಿಯೇ ಗುಂಡಿ ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಇತ್ತು.

ಅತ್ತೆಯ ಬಾಯಿ ಹಾಗಲಕಾಯಿ ಎಂದು ಲಾಂಡ್ರಿಯವರೆಲ್ಲ ಹೇಳುತ್ತಿದ್ದರು. ಹೊಗಳಬೇಕಾದಲ್ಲೂ ಬೈದೇ ಹೊಗಳುವ ಪೈಕಿ. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಜ್ವರ ಬಂದು ಮಲಗಿದಾಗ, "ಬೀಳೋಕೆ ಇದೇ ವಾರ ಬೇಕಿತ್ತಾ" ಎಂದು ಗೊಣಗುತ್ತಲೇ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದರು. ಜ್ವರ ಬಿಟ್ಟ ಮೇಲೆ ಸೊಸೆಗೆ ಬೈಗುಳ ನೆನಪಿತ್ತು, ಒದ್ದೆ ಬಟ್ಟೆ ನೆನಪಿರಲಿಲ್ಲ.

ಗಂಡ ದೂರದೂರಿಗೆ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ನಾಲ್ಕಾರು ದಿನ ಮನೆಯಲ್ಲಿದ್ದರೆ ಅದರಲ್ಲಿ ಅರ್ಧ ನಿದ್ದೆಗೇ ಹೋಗುತ್ತಿತ್ತು. ಒಳ್ಳೆಯವನು, ಆದರೆ ಮಾತು ಕಡಿಮೆ. ಮಗನ ಪಾಲಿನ ಮಾತನ್ನೂ ತಾಯಿಯೇ ಆಡಿ ಮುಗಿಸಿಬಿಟ್ಟರೇನೋ ಎಂದು ಸೊಸೆಗೆ ಅನಿಸುತ್ತಿತ್ತು.

ಒಂದು ಬೆಳಗ್ಗೆ ಲಾಂಡ್ರಿಯ ಕಂಪ್ಯೂಟರ್‌ಗೆ ತಲೆ ಕೆಟ್ಟಿತು. ಬಂದ ಬಟ್ಟೆಯ ಗಂಟಿಗೆಲ್ಲ ಅದು ಚೀಟಿ ಮುದ್ರಿಸಿ ಕೊಡಬೇಕು: ಯಾರ ಬಟ್ಟೆ, ಯಾವತ್ತು ವಾಪಸು. ಅವತ್ತು ಬಂದ ಚೀಟಿಯಲ್ಲೆಲ್ಲ ಒಂದೇ ಹೋಟೆಲಿನ ಹೆಸರು. ಆಪರೇಷನ್ ಕೋಣೆಯ ಹಸಿರು ನಿಲುವಂಗಿಗಳೂ ಆ ಹೋಟೆಲಿನವೇ ಆಗಿಹೋದವು. ಯಜಮಾನಿ ತಲೆಯ ಮೇಲೆ ಕೈಹೊತ್ತು ರಿಪೇರಿಗೆ ಫೋನ್ ಮಾಡಿದರು.

ಬಂದದ್ದು ಒಬ್ಬ ಹೆಂಗಸು. ನಲವತ್ತು ದಾಟಿರಬೇಕು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಆಮೇಲೆ ಅದನ್ನೇ ಚೀಲದಲ್ಲೆಲ್ಲ ಹುಡುಕುವ ಹೆಂಗಸು. ಆಕೆ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಲಾಂಡ್ರಿಯವರು ಕಂಪ್ಯೂಟರಮ್ಮ ಎಂದು ಹೆಸರಿಟ್ಟಾಗಿತ್ತು.

ಸೊಸೆ ಮಡಿಸಿದ ಶೀಟುಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಆಚೆ ಹೋಗುತ್ತಿದ್ದವಳು ಆಕೆಯ ಹಿಂದೆ ನಿಂತುಬಿಟ್ಟಳು.

"ಅದಕ್ಕೆ ಹೇಗೆ ಗೊತ್ತಾಗುತ್ತೆ, ಇದು ಯಾರ ಬಟ್ಟೆ ಅಂತ?"

ಕಂಪ್ಯೂಟರಮ್ಮ ತಿರುಗಿ ನೋಡಿದರು. "ಅದಕ್ಕೇನೂ ಗೊತ್ತಾಗಲ್ಲ. ನಾವು ಹೇಳಿಕೊಟ್ಟಿದ್ದನ್ನ ಹೇಳುತ್ತೆ ಅಷ್ಟೇ. ಗಿಣಿ ಇದ್ದ ಹಾಗೆ."

"ಹಾಗಾದ್ರೆ ಇವತ್ತು ಯಾರು ತಪ್ಪು ಹೇಳಿಕೊಟ್ರು?"

"ಅದನ್ನೇ ಹುಡುಕ್ತಾ ಇದ್ದೀನಿ. ಬಾ ಇಲ್ಲಿ, ನೀನೂ ಹುಡುಕು."

ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳಿದ್ದವು. ಒಂದೊಂದು ಗಿರಾಕಿಗೆ ಒಂದೊಂದು ನಂಬರು. ಹಿಂದಿನ ದಿನ ಯಾರೋ ಏನೋ ಬದಲಾಯಿಸಲು ಹೋಗಿ ನಂಬರುಗಳೆಲ್ಲ ಖಾಲಿಯಾಗಿದ್ದವು. ನಂಬರು ಖಾಲಿ ಇದ್ದರೆ ಮೊದಲ ಗಿರಾಕಿಯ ಹೆಸರನ್ನೇ ಹಾಕು ಎಂದು ಈ ಪ್ರೋಗ್ರಾಂ ಬರೆದವರು ಹೇಳಿಟ್ಟಿದ್ದರು. ಕಂಪ್ಯೂಟರಮ್ಮ ಆ ಸಾಲನ್ನು ಬೆರಳಿಟ್ಟು ತೋರಿಸಿದರು.

ಸೊಸೆ ಯೋಚಿಸಿದಳು. "ಖಾಲಿ ಇದ್ರೆ ಖಾಲಿ ಅಂತ ಹೇಳಬಾರದಾ? ಗೊತ್ತಿಲ್ಲದೆ ಇದ್ದಾಗ ಗೊತ್ತಿಲ್ಲ ಅನ್ನೋದು ಒಳ್ಳೇದಲ್ವಾ?"

"ಮನುಷ್ಯರಿಗೇ ಅದು ಬರಲ್ಲ," ಎಂದು ಕಂಪ್ಯೂಟರಮ್ಮ ನಕ್ಕರು. "ಆದ್ರೆ ಇದಕ್ಕೆ ಕಲಿಸಬಹುದು."

ಆಮೇಲೆ ಸೊಸೆ ಕೇಳಿದ್ದೇ ಕೇಳಿದ್ದು, ಆಕೆ ಹೇಳಿದ್ದೇ ಹೇಳಿದ್ದು. ಇಸ್ತ್ರಿಯ ಕಡೆಯಿಂದ ಹಬೆಯ ಜೊತೆ ಅತ್ತೆಯ ದನಿಯೂ ಎದ್ದಿತು. "ಏ ಹುಡುಗಿ, ಶೀಟುಗಳೇನು ತಾವೇ ಮಡಚಿಕೊಳ್ತವಾ?"

ಹೊರಡುವ ಮುಂಚೆ ಕಂಪ್ಯೂಟರಮ್ಮ ಚಹಾದ ಲೋಟ ಹಿಡಿದು ಅತ್ತೆಯ ಹತ್ತಿರ ಹೋದರು. ಏನು ಮಾತಾಡಿದರೋ, ಒಣಗಿಸುವ ಯಂತ್ರದ ಸದ್ದಿನಲ್ಲಿ ಸೊಸೆಗೆ ಕೇಳಿಸಲಿಲ್ಲ. ಯಂತ್ರ ನಿಂತಾಗ ಕೇಳಿಸಿದ್ದು ಕೊನೆಯ ಎರಡು ಮಾತು.

"ನಿಮ್ಮ ಸೊಸೇನ ನನಗೆ ಕೊಡಿ."

"ಒಯ್ಯಿರಿ, ಒಯ್ಯಿರಿ. ಇಲ್ಲಿದ್ರೆ ಬಾಯಿಗೇ ಜಾಸ್ತಿ ಕೆಲಸ."

ಸೊಸೆ ಕೈಯಲ್ಲಿದ್ದ ಶೀಟನ್ನು ಮೂರು ಸಲ ಮಡಿಸಿದಳು, ಮೂರು ಸಲವೂ ಅಂಚು ಕೂಡಲಿಲ್ಲ.

ಅವತ್ತು ಸಂಜೆ ಅತ್ತೆ ಕಾಲು ನೀಡಿ ಕೂತು, ಗುಂಡಿಯನ್ನು ಮೊಣಕಾಲಿನ ಮೇಲೆ ಆಡಿಸುತ್ತ ಸುದ್ದಿ ಹೇಳಿದರು. ಕಂಪ್ಯೂಟರಮ್ಮ ಮತ್ತು ಇನ್ನಿಬ್ಬರು ಸೇರಿ ಹೆಣ್ಣುಮಕ್ಕಳಿಗೆಂದೇ ಒಂದು ತರಬೇತಿ ನಡೆಸುತ್ತಾರೆ. ಬೆಳಗ್ಗೆ ಹೊತ್ತು. ಕಂಪ್ಯೂಟರಿನ ಕೆಲಸ ಕಲಿಸಿ, ಕಲಿತವರಿಗೆ ಕೆಲಸವನ್ನೂ ನೋಡಿ ಕೊಡುತ್ತಾರೆ.

"ಸೋಮವಾರದಿಂದ ನಾನು ಮಧ್ಯಾಹ್ನದ ಪಾಳಿ. ಯಜಮಾನಿಗೆ ಹೇಳಾಯ್ತು. ಬೆಳಗ್ಗೆ ನೀನು ಅಲ್ಲಿಗೆ ಹೋಗು. ಮಗು ನನ್ನ ಹತ್ರ ಇರುತ್ತೆ."

"ಮತ್ತೆ ನನ್ನ ಕೆಲಸ?"

"ಶೀಟು ಮಡಿಸೋಕೆ ಜನ ಸಿಗಲ್ವಾ? ಬೇರೆಯವಳು ಬರ್ತಾಳೆ."

ಕೇಳಿದ್ದಲ್ಲ, ಹೇಳಿದ್ದು. ಸೊಸೆ ಪಾತ್ರೆ ತೊಳೆಯುತ್ತ ಆ ಮಾತನ್ನೇ ತಿರುವಿ ಮುರುವಿ ನೋಡಿದಳು. ಲಾಂಡ್ರಿಯಿಂದ ಹೊರಗೆ, ಮನೆಯಿಂದಲೂ ಅರ್ಧ ದಿನ ಹೊರಗೆ, ಮಗು ಅತ್ತೆಯ ಮಡಿಲಿಗೆ. ಗುಂಡಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅದು ಮೊದಲು ಆಡಿದ ಮಾತು "ಜ್ಜಿ". ಅವತ್ತು ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡು ಬಂದಿದ್ದರು. ಈಗ ಉಳಿದದ್ದನ್ನೂ ತೆಗೆದುಕೊಳ್ಳುವ ಉಪಾಯ ಎಂದು ಸೊಸೆಗೆ ಅನಿಸಿತು. ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡರೆ ಲೋಕಕ್ಕೆ ಕಾಣುವುದಿಲ್ಲವೇ?

ಗಂಡ ಎಲ್ಲೋ ಪೆಟ್ರೋಲ್ ಬಂಕಿನಿಂದ ಫೋನ್ ಮಾಡಿದ. "ಅಮ್ಮ ಹೇಳಿದ್ಲು. ನಿನಗೆ ಇಷ್ಟ ಇದೆಯಾ?"

"ಇಷ್ಟ ಅಂದ್ರೆ?"

"ಇಷ್ಟ ಅಂದ್ರೆ ಇಷ್ಟ. ನನಗೆ ಲಾರಿ ಇಷ್ಟ ಇಲ್ವಾ, ಹಾಗೆ."

ಶಾಲೆ ಬಿಡಿಸಿದಾಗ, ಮದುವೆ ಮಾಡಿದಾಗ, ಲಾಂಡ್ರಿಗೆ ಕರೆದುಕೊಂಡು ಹೋದಾಗ ಯಾರೂ ಅವಳನ್ನು ಕೇಳಿರದ ಪ್ರಶ್ನೆ ಅದು. ಆದರೆ ಆ ಖಾಲಿ ನಂಬರಿನ ಸಾಲು ಬೆಳಗಿನಿಂದ ಅವಳ ತಲೆಯಲ್ಲಿ ಕೂತಿತ್ತು. ಖಾಲಿ ಇದ್ದರೆ ಖಾಲಿ ಅಂತ ಹೇಳಿಸುವುದು ಹೇಗೆ?

ಸೋಮವಾರ ಅವಳು ಹೊರಟಳು. ಅರ್ಧ ಆಸೆಯಿಂದ, ಅರ್ಧ ಅತ್ತೆಯ ಮೇಲಿನ ಸಿಟ್ಟಿನಿಂದ.

ತರಬೇತಿಯ ಕೋಣೆ ಚಪ್ಪಲಿ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿತ್ತು. ಕಿಟಕಿಯ ಹಿಂದೆ ರೈಲು ಹಳಿ. ರೈಲು ಹೋದಾಗಲೆಲ್ಲ ಪರದೆಗಳು ಸಣ್ಣಗೆ ನಡುಗುತ್ತಿದ್ದವು. ಹತ್ತು ಹನ್ನೆರಡು ಹುಡುಗಿಯರು. ಹೆಚ್ಚಿನವರು ಈಚೆಗಷ್ಟೇ ಓದು ಮುಗಿಸಿದವರು, ಕೀಲಿಮಣೆಯ ಮೇಲೆ ಅವರ ಬೆರಳು ಮಳೆ ಬಿದ್ದ ಹಾಗೆ ಬೀಳುತ್ತಿದ್ದವು. ಸೊಸೆ ಒಂದೊಂದು ಅಕ್ಷರವನ್ನೂ ಕಳೆದುಹೋದ ಸೂಜಿಯನ್ನು ಹುಡುಕುವ ಹಾಗೆ ಹುಡುಕುತ್ತಿದ್ದಳು. ಎಲ್ಲರೂ ಅವಳನ್ನು ಅಕ್ಕ ಎಂದರು. ಮಧ್ಯಾಹ್ನವಾಗುತ್ತ ಬಂದಂತೆ ಎದೆ ಹಾಲಿನಿಂದ ಭಾರವಾಗಿ ನೋಯುತ್ತಿತ್ತು, ಶಾಲನ್ನು ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳು.

ಆದರೂ ಅಲ್ಲಿ ಅವಳಿಗೆ ಹಿಡಿಸಿತು. ಕಂಪ್ಯೂಟರಮ್ಮ ಪಾಠ ಹೇಳುವಾಗ, ಗಂಟಿನ ತುದಿ ಕೈಗೆ ಸಿಕ್ಕಿ ಇಡೀ ಗಂಟು ಬಿಚ್ಚಿಕೊಂಡ ಹಾಗೆ ಆಗುತ್ತಿತ್ತು. ತಾನು ಬರೆದ ಮೂರೇ ಮೂರು ಸಾಲು ತನ್ನ ಮಾತು ಕೇಳಿ, ಪರದೆಯ ಮೇಲೆ ಉತ್ತರ ತಂದಿಟ್ಟ ದಿನ ಅವಳು ಮನೆಯ ತನಕ ನಡೆದೇ ಬಂದಳು, ಬಸ್ಸು ಹತ್ತುವುದನ್ನೇ ಮರೆತು.

ಅವಳು ಬರುವ ಹೊತ್ತಿಗೆ ಅತ್ತೆ ಪಾಳಿಗೆ ಸಿದ್ಧರಾಗಿ ಬಾಗಿಲಲ್ಲಿ ನಿಂತಿರುತ್ತಿದ್ದರು. "ಇವತ್ತೇನು ಹೇಳಿಕೊಟ್ರು?"

"ಏನೋ ಹೇಳಿಕೊಟ್ರು."

ಅಷ್ಟೇ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ತನ್ನ ಖುಷಿಯನ್ನು ಅತ್ತೆಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅನಾಹುತ ಆದದ್ದು ಚಳಿಗಾಲದ ಶುರುವಿನಲ್ಲಿ. ಊರಿನ ಗ್ರಂಥಾಲಯದ ಪುಸ್ತಕಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಕಂಪ್ಯೂಟರಮ್ಮ ತರಗತಿಗೆ ತಂದುಕೊಟ್ಟಿದ್ದರು. ಎಲ್ಲ ಹುಡುಗಿಯರೂ ಕೂತು ವಾರಗಟ್ಟಲೆ ಒಂದೇ ಜಾಗಕ್ಕೆ ಪುಸ್ತಕಗಳ ಹೆಸರು ತುಂಬಿಸಿದ್ದರು. ಅವತ್ತು ಕಂಪ್ಯೂಟರಮ್ಮ ಎಲ್ಲೋ ರಿಪೇರಿಗೆ ಹೋಗಿದ್ದರು. ಪಾಠಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಎಳೆಯ ಮೇಷ್ಟ್ರು ಇದ್ದ. ಸೊಸೆ ಒಂದು ಪುಸ್ತಕವನ್ನು ಎರಡು ಸಲ ಸೇರಿಸಿಬಿಟ್ಟಿದ್ದಳು. ಒಂದನ್ನು ಅಳಿಸಬೇಕಿತ್ತು. ಅಳಿಸು ಎಂದು ಬರೆದಳು. ಯಾವುದನ್ನು ಎಂದು ಬರೆಯುವ ಮುಂಚೆಯೇ ಬೆರಳು ಕೀಲಿ ಒತ್ತಿತ್ತು.

ಗಿಣಿ ಹೇಳಿದ ಮಾತು ಕೇಳಿತು. ಎಲ್ಲವನ್ನೂ ಅಳಿಸಿತು.

ಒಂದು ಕ್ಷಣ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಬ್ಬಳು "ಅಯ್ಯೋ, ನನ್ನದೆಲ್ಲ ಎಲ್ಲಿ" ಎಂದಳು, ಇನ್ನೊಬ್ಬಳು "ನನ್ನದೂ ಇಲ್ಲ" ಎಂದಳು. ಮೇಷ್ಟ್ರ ಮುಖ ಸುಣ್ಣದ ಹಾಗೆ ಬಿಳುಚಿತು. "ಯಾರು? ಯಾರು ಮಾಡಿದ್ದು ಇದು?" ಎಂದು ಕೂಗಿದ. ಹುಡುಗಿಯರೆಲ್ಲ ತಮ್ಮ ತಮ್ಮ ಪರದೆಯನ್ನೇ ನೋಡುತ್ತ ಕೂತರು. ಸೊಸೆಯ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹಿಂದೆ ರೈಲು ಹೋಯಿತು, ಪರದೆಗಳು ನಡುಗಿದವು. ಚಹಾದ ಬಿಡುವಿನಲ್ಲಿ ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಮತ್ತೆ ಹತ್ತಲಿಲ್ಲ.

ಮರುದಿನ ಬೆಳಗ್ಗೆ ಮಾತ್ರ ಎಂದಿನಂತೆ ಮನೆಯಿಂದ ಹೊರಟಳು. ಹೋಗಲಾರೆ ಎಂದು ಅತ್ತೆಗೆ ಹೇಳುವುದಕ್ಕಿಂತ ಸಾಯುವುದು ವಾಸಿ ಎನಿಸಿತ್ತು. ಹೋದದ್ದು ಬಸ್ ನಿಲ್ದಾಣಕ್ಕೆ. ಅಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೊನೆಯ ಬೆಂಚಿನಲ್ಲಿ ಚೀಲವನ್ನು ಪಕ್ಕಕ್ಕಿಟ್ಟು ಕೂತಳು. ಪೆಟ್ಟಿಗೆ ಹೊತ್ತವರು, ಮಕ್ಕಳನ್ನು ಎಳೆದುಕೊಂಡು ಓಡುವವರು, ಬಸ್ಸು ತಪ್ಪಿಸಿಕೊಂಡು ತಮ್ಮನ್ನು ತಾವೇ ಬೈದುಕೊಳ್ಳುವವರು. ಮಧ್ಯಾಹ್ನಕ್ಕೆ ಎದ್ದು ಮನೆಗೆ ಹೋದಳು.

"ಇವತ್ತೇನು ಹೇಳಿಕೊಟ್ರು?"

"ಪ್ರಿಂಟರ್ ಬಗ್ಗೆ."

ಅತ್ತೆ ತಲೆಯಾಡಿಸಿ ಪಾಳಿಗೆ ಹೋದರು. ಹೀಗೇ ಒಂದಷ್ಟು ದಿನ ನಡೆಯಿತು. ಪಾಠ ಕೇಳುವುದಕ್ಕಿಂತ ಪಾಠ ಕಟ್ಟಿ ಹೇಳುವುದೇ ಕಷ್ಟ ಎಂದು ಅವಳಿಗೆ ಗೊತ್ತಾಯಿತು. ಬೆಂಚಿನಲ್ಲಿ ಕೂತಾಗ ಪರದೆಯ ಮೇಲಿನ ಸಾಲುಗಳು ತಾವಾಗಿ ಕಣ್ಣ ಮುಂದೆ ಬರುತ್ತಿದ್ದವು. ಹೀಗಲ್ಲ, ಹೀಗೆ ಬರೆಯಬೇಕಿತ್ತು ಎಂದು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಅದೇ ಹೆಚ್ಚು ಅಳು ತರಿಸುತ್ತಿತ್ತು.

ಒಂದು ಬೆಳಗ್ಗೆ ಹಾಗೆ ಕೂತಿದ್ದಾಗ ಕಂಬದ ಹಿಂದಿನಿಂದ "ಮ್ಮಾ" ಎಂಬ ಕೂಗು ಬಂತು. ಬೆಚ್ಚಿ ತಿರುಗಿದಳು. ಕಂಬದ ಆಚೆ ಅತ್ತೆಯ ಅರ್ಧ ಮೈ ಕಾಣುತ್ತಿತ್ತು. ಸೊಂಟದ ಮೇಲೆ ಗುಂಡಿ, ಒಂದು ಕಾಲಲ್ಲಿ ಮಾತ್ರ ಬೂಟು. ಎರಡೂ ಕೈ ಅಮ್ಮನ ಕಡೆ ಚಾಚಿಕೊಂಡಿತ್ತು.

"ಚಾಡಿಕೋರಿ," ಎಂದು ಮಗುವಿಗೆ ಬೈದು ಅತ್ತೆ ಈಚೆ ಬಂದರು. ಬೆಂಚಿನ ಮುಂದೆ ನಿಂತರು. "ಎಷ್ಟು ಹೊತ್ತಿಗೆ ನಿನ್ನ ಬಸ್ಸು?"

ಸೊಸೆ ಮಗುವಿನ ಬರಿಗಾಲನ್ನೇ ನೋಡಿದಳು.

"ಬಸ್ಸಿಲ್ಲ ಅಂದ್ರೆ ಆ ಚೀಲ ಸರಿಸು. ನನ್ನ ಕಾಲು ನೋಯ್ತಿದೆ."

ಚೀಲ ಸರಿಸಿದಳು. ಅತ್ತೆ ಉಸ್ಸೆಂದು ಕೂತು ಮಗುವನ್ನು ಅವಳ ತೊಡೆಗೆ ದಾಟಿಸಿದರು. ಕೈಚೀಲದಿಂದ ಒಂದು ಬನ್ನು ತೆಗೆದು ಮೂರು ಪಾಲು ಮಾಡಿದರು. ದೊಡ್ಡ ಪಾಲು ಸೊಸೆಗೆ.

"ಆ ಕಂಪ್ಯೂಟರಮ್ಮ ನಿನ್ನೆ ಲಾಂಡ್ರಿಗೆ ಬಂದಿದ್ರು. ಸೊಸೆಗೆ ಹುಷಾರಿಲ್ವಾ ಅಂತ ಕೇಳಿದ್ರು. ಹೌದು, ಜ್ವರ ಅಂದೆ."

"ಸುಳ್ಳು ಹೇಳಿದ್ರಾ?"

"ಮತ್ತಿನ್ನೇನು ಹೇಳ್ಲಿ? ನಮ್ಮ ಹುಡುಗಿ ದಿನಾ ನಿಮ್ಮ ಕ್ಲಾಸಿಗೆ ಅಂತಾನೇ ಹೊರಡ್ತಾಳೆ, ಎಲ್ಲಿಗೆ ಹೋಗ್ತಾಳೋ ನನಗೆ ಗೊತ್ತಿಲ್ಲ ಅಂತ ಹೇಳ್ಲಾ? ಮನೆ ಮಾತು ಮನೆಯಲ್ಲಿರಬೇಕು."

ಆ ಮಾತಿಗೆ ಸೊಸೆಯ ದುಃಖದ ಕಟ್ಟೆ ಒಡೆಯಿತು. ಬನ್ನಿನ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತಳು. ಎಲ್ಲವನ್ನೂ ಹೇಳಿದಳು. ಒತ್ತಿದ್ದು, ಅಳಿಸಿಹೋದದ್ದು, ಹನ್ನೆರಡು ಜನರ ಶ್ರಮ ನೀರುಪಾಲಾದದ್ದು, ಯಾರು ಎಂದು ಕೇಳಿದಾಗ ಕಲ್ಲಿನ ಹಾಗೆ ಕೂತದ್ದು. ಗುಂಡಿ ಅಮ್ಮನ ಕೆನ್ನೆಯ ಮೇಲಿನ ನೀರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿತು.

ಅತ್ತೆ ಅವಳು ಮುಗಿಸುವ ತನಕ ಕಾದರು. "ಅದೆಲ್ಲ ಅವರು ಹೇಳಿದ್ರು. ಏನೂ ಹೋಗಿಲ್ವಂತೆ."

"ಹೋಯ್ತು ಅತ್ತೆ, ನಾನೇ ಕಣ್ಣಾರೆ ನೋಡಿದೆ."

"ಕೇಳು ಇಲ್ಲಿ. ಅಲ್ಲಿ ಅದ್ಯಾರೋ ಬ್ಯಾಕಪ್ಪ ಅಂತ ಇದ್ದಾನಂತೆ. ದಿನಾ ಸಂಜೆ ನೀವೆಲ್ಲ ಹೋದ ಮೇಲೆ ಬಂದು, ನೀವು ಮಾಡಿದ್ದಕ್ಕೆಲ್ಲ ಇನ್ನೊಂದು ಪ್ರತಿ ಎತ್ತಿಟ್ಟು ಹೋಗ್ತಾನಂತೆ. ಅವತ್ತು ಮಧ್ಯಾಹ್ನಾನೇ ಅವನಿಂದ ಎಲ್ಲಾ ವಾಪಸ್ ತೆಗೆಸಿದ್ರಂತೆ."

ಸೊಸೆ ಅಳು ನಿಲ್ಲಿಸಿ ನೋಡಿದಳು. "ಯಾರು?"

"ಬ್ಯಾಕಪ್ಪ. ಹೆಸರು ಒಂಥರಾ ಇದೆ, ಆದ್ರೆ ಪುಣ್ಯಾತ್ಮ."

ಸೊಸೆ ಕಣ್ಣೊರೆಸಿಕೊಂಡಳು. "ಅತ್ತೆ, ಅದು ಮನುಷ್ಯ ಅಲ್ಲ. ಬ್ಯಾಕಪ್ಪು. ಇರೋದನ್ನ ಇನ್ನೊಂದು ಕಡೆ ಕಾಪಿ ಮಾಡಿಡೋದಕ್ಕೆ ಹಾಗಂತಾರೆ. ಅದೂ ಕಂಪ್ಯೂಟರೇ ಮಾಡುತ್ತೆ."

"ಮನುಷ್ಯ ಅಲ್ವಾ?" ಅತ್ತೆಗೆ ನಿಜವಾಗಿ ನಿರಾಸೆಯಾಯಿತು. "ನಾನು ಅವನದ್ದೊಂದು ಶರ್ಟು ತರಿಸಿಕೊಂಡು ಚೆನ್ನಾಗಿ ಇಸ್ತ್ರಿ ಮಾಡಿ ಕೊಡೋಣ ಅಂತಿದ್ದೆ."

ಸೊಸೆ ನಕ್ಕಳು. ಎಷ್ಟೋ ದಿನದ ಮೇಲೆ, ಮೂಗು ಒರೆಸಿಕೊಳ್ಳುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಇಬ್ಬರೂ ನಗುವುದನ್ನು ನೋಡಿ ಗುಂಡಿಯೂ ಕೇಕೆ ಹಾಕಿತು. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

ನಗು ಇಳಿದ ಮೇಲೆ ಸೊಸೆಗೆ ಎಲ್ಲಿಂದಲೋ ಧೈರ್ಯ ಬಂತು. "ಅತ್ತೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನನ್ನ ಯಾಕೆ ಕಳಿಸಿದ್ರಿ? ಗುಂಡೀನ ನಿಮ್ಮ ಹತ್ರ ಇಟ್ಟುಕೊಳ್ಳೋಕಾ?"

ಅತ್ತೆ ಬಸ್ಸುಗಳ ಕಡೆ ನೋಡಿದರು. ಒಂದು ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟುಹೋಯಿತು.

"ಅದೂ ಇತ್ತು," ಎಂದರು ಕೊನೆಗೆ. "ಸುಳ್ಳು ಯಾಕೆ ಹೇಳ್ಲಿ, ಅದೂ ಸ್ವಲ್ಪ ಇತ್ತು. ನನ್ನ ಮಗ ಮಗುವಾಗಿದ್ದಾಗ ನಾನು ಆ ಹಬೆಯೊಳಗೇ ಇದ್ದೆ. ಆಗಿನ ಯಜಮಾನ ಮಕ್ಕಳನ್ನ ಬಾಗಿಲ ಒಳಗೂ ಬಿಡ್ತಿರಲಿಲ್ಲ. ಅವನು ಮೊದಲ ಹೆಜ್ಜೆ ಇಟ್ಟಿದ್ದನ್ನ ನೋಡಿದ್ದು ಪಕ್ಕದ ಮನೆಯಾಕೆ. ಸಂಜೆ ನನಗೆ ಹೇಳಿದ್ಲು. ಇವಳದ್ದನ್ನಾದ್ರೂ ನೋಡೋಣ ಅಂತ ಆಸೆ ಇತ್ತು."

ಸೊಸೆ ಗುಂಡಿಯ ಬಾಯಿಯ ಸುತ್ತ ಅಂಟಿದ್ದ ಬನ್ನಿನ ಪುಡಿಯನ್ನು ಒರೆಸಿದಳು.

"ಆದ್ರೆ ಬರೀ ಅದಕ್ಕೇ ಅಲ್ಲ. ಅವತ್ತು ನೀನು ಆ ಮಿಷನ್ ಮುಂದೆ ನಿಂತಿದ್ದೆಯಲ್ಲ, ಶೀಟು ಹೊತ್ತುಕೊಂಡು. ನಮ್ಮ ಮನೆಗೆ ಬಂದಾಗಿಂದ ನಿನ್ನ ಮುಖ ಹಾಗೆ ಇದ್ದದ್ದು ನಾನು ನೋಡಿರಲಿಲ್ಲ. ಮದುವೆ ಫೋಟೋದಲ್ಲೂ ಇಲ್ಲ. ದೀಪ ಹಚ್ಚಿದ ಹಾಗಿತ್ತು. ಈ ಹುಡುಗೀನ ಹಬೆಯಲ್ಲಿ ಬಿಟ್ಟರೆ ನಂದಿಹೋಗುತ್ತೆ ಅನಿಸ್ತು. ಅಷ್ಟೇ."

"ಇದನ್ನ ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ನಲ್ಲ, ಹೋಗು ಅಂತ."

"ಹಾಗಲ್ಲ ಅತ್ತೆ."

"ಗೊತ್ತು ಕಣೇ. ನನಗೆ ಹಾಗೆ ಬರಲ್ಲ." ಅತ್ತೆ ಮಗುವಿನ ಬರಿಗಾಲನ್ನು ಅಂಗೈಯಲ್ಲಿ ಹಿಡಿದು ಉಜ್ಜಿದರು. "ಯಾರು ಅಳಿಸಿದ್ದು ಅಂತ ಅವರಿಗೆ ಗೊತ್ತಂತೆ. ಯಾರಿಗೂ ಹೇಳಿಲ್ವಂತೆ. ಅವಳೇ ಬಂದು ಹೇಳ್ತಾಳೆ ಬಿಡಿ ಅಂದ್ರು. ನಾನೂ ಹ್ಞೂಂ ಅಂದೆ."

"ಮುಖ ಹೇಗೆ ತೋರಿಸ್ಲಿ?"

"ಇರೋ ಮುಖಾನೇ ತೋರಿಸು. ತೊಳೆದುಕೊಂಡು ಹೋಗು, ಮೂಗೆಲ್ಲ ಕೆಂಪಾಗಿದೆ."

ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದು, ಅತ್ತೆಯ ಸೆರಗಿನಲ್ಲಿ ಒರೆಸಿಕೊಂಡು, ಅವಳು ಅವತ್ತೇ ಹೋದಳು. ಅತ್ತೆ ಚಪ್ಪಲಿ ಅಂಗಡಿಯ ತನಕ ಬಂದರು. ಮೇಲೆ ಬರಲಿಲ್ಲ.

ಪಾಠ ನಡೆಯುತ್ತಿತ್ತು. ಕಂಪ್ಯೂಟರಮ್ಮ ಇದ್ದರು, ಎಳೆಯ ಮೇಷ್ಟ್ರೂ ಇದ್ದ. ಸೊಸೆ ಕೂರಲಿಲ್ಲ. ಕೂತರೆ ಮತ್ತೆ ನಾಲಿಗೆ ಅಂಟಿಕೊಳ್ಳುತ್ತದೆ ಎಂದು ಗೊತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿದಳು, "ಅವತ್ತು ಎಲ್ಲಾ ಅಳಿಸಿದ್ದು ನಾನು. ಹೇಳೋಕೆ ಭಯ ಆಗಿ ಓಡಿಹೋದೆ."

ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು, "ಅಕ್ಕಾ, ಎಂಥ ಕೆಲಸ ಮಾಡಿದ್ರಿ," ಎಂದಳು. "ನಾನೇ ಅಂದ್ಕೊಂಡು ಇಷ್ಟು ದಿನ ಊಟ ಸೇರಿಲ್ಲ ನನಗೆ. ನಾನೂ ಅದೇ ಹೊತ್ತಿಗೆ ಏನೋ ಒತ್ತಿದ್ದೆ."

"ನಾನೂ," ಎಂದಿತು ಕಿಟಕಿಯ ಕಡೆಯ ದನಿಯೊಂದು. ಅವಳು ತರಬೇತಿಯನ್ನೇ ಬಿಡುತ್ತೇನೆಂದು ಮನೆಯಲ್ಲಿ ಹೇಳಿಯಾಗಿತ್ತಂತೆ. ಇನ್ನಿಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರೂ ಹಾಗೇ. ಕೊನೆಗೆ ಎಳೆಯ ಮೇಷ್ಟ್ರು ಗಂಟಲು ಸರಿಮಾಡಿಕೊಂಡ. "ನಿಜ ಹೇಳಬೇಕು ಅಂದ್ರೆ, ನಾನೇ ಏನೋ ಎಡವಟ್ಟು ಮಾಡಿದೆ ಅಂತ ನನಗೂ ಇತ್ತು. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು. ಕ್ಷಮಿಸಿ."

ಕಂಪ್ಯೂಟರಮ್ಮ ಕನ್ನಡಕ ತೆಗೆದು ಒರೆಸಿದರು. ಅವರಿಗೂ ಇದು ಹೊಸ ಸುದ್ದಿ. ಒಬ್ಬಳು ಬಂದು ಹೇಳಲಿ ಎಂದು ತಾವು ಕಾದದ್ದರಲ್ಲಿ ಇಡೀ ಕೋಣೆ ಬೇಯುತ್ತಿತ್ತು ಎಂದು ಅವರಿಗೆ ಹೊಳೆದಿರಲಿಲ್ಲ. "ಇದು ನನ್ನದೂ ತಪ್ಪು," ಎಂದರು. ಆಮೇಲೆ ಕುರ್ಚಿಯೊಂದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು. "ಕೂತ್ಕೋ ಬಾ. ಅಳಿಸೋದು ಎಲ್ಲರಿಗೂ ಬಂತು. ಇವತ್ತು ವಾಪಸ್ ತರೋದು ಹೇಗೆ ಅಂತ ನೋಡೋಣ."

ಅವತ್ತು ಮಧ್ಯಾಹ್ನ ಬಾಗಿಲಲ್ಲಿ ಅತ್ತೆ ಕೇಳಿದಾಗ ಸೊಸೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಪಾಳಿಗೆ ತಡವಾಗುವಷ್ಟು ಹೇಳಿದಳು. ಅತ್ತೆಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ, ಆದರೆ ಎರಡು ಜಡೆಯ ಹುಡುಗಿಗೆ ಊಟ ಸೇರದ ವಿಷಯಕ್ಕೆ ಚೆನ್ನಾಗಿ ಬೈದರು. ಅಂದಿನಿಂದ ಅದೇ ರೂಢಿಯಾಯಿತು. ಸೊಸೆ ಹೇಳುವುದು, ಅತ್ತೆ ಕೇಳುವುದು, ಕೇಳಿದ್ದನ್ನು ಲಾಂಡ್ರಿಗೆ ಒಯ್ದು ಇಸ್ತ್ರಿಯ ಹೆಂಗಸರಿಗೆ ತಮ್ಮದೇ ರೀತಿಯಲ್ಲಿ ಬಡಿಸುವುದು. ಗಂಡ ಯಾವುದೋ ಊರಿನಿಂದ ಹಳೆಯ ಲ್ಯಾಪ್‌ಟಾಪೊಂದನ್ನು ಕಂಬಳಿಯಲ್ಲಿ ಸುತ್ತಿ ತಂದ. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಮಗುವನ್ನು ಕೂರಿಸಿದ ಹಾಗೆ ಕೂರಿಸಿಕೊಂಡು ಬಂದೆ ಎಂದ. ಅವನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಬಂದದ್ದು ಅದೇ ಮೊದಲು.

ಚಳಿ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಸೊಸೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿರಲಿಲ್ಲ. ಒಳಗೆ ನೆಲದ ಮೇಲೆ ಕೂತಿದ್ದರು, ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ.

"ಪಾಳಿ ಇಲ್ವಾ ಅತ್ತೆ?"

"ಇದೆ. ನೀನು ಅಲ್ಲೇ ಬಾಗಿಲ ಹತ್ರ ಕೂತ್ಕೋ. ಕೈ ಚಾಚು."

ಅವಳು ಕೂತು ಕೈ ಚಾಚಿದಳು. ಅತ್ತೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಗುಂಡಿಯ ಸೊಂಟ ಬಿಟ್ಟರು. ಮಗು ಎರಡು ಕೈ ಅಗಲಿಸಿ, ಒಂದು ಸಲವೂ ಎಡವದೆ, ದಪದಪನೆ ಇಡೀ ಕೋಣೆ ದಾಟಿ ಬಂದು ಅಮ್ಮನ ಎದೆಗೆ ಬಿತ್ತು.

ಸೊಸೆ ಅದನ್ನು ಅಪ್ಪಿಕೊಂಡಳು. ಮೊದಲ ಹೆಜ್ಜೆ ಇಡುವ ಮಗು ಹಾಗೆ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ? ಈಗ ತಾನೇ ನಡೆದಳಲ್ಲ. ಇದೇ ಮೊದಲು." ಅತ್ತೆ ಎದ್ದು ಆ ಕಡೆ ಮುಖ ಮಾಡಿ ಚಪ್ಪಲಿ ಹುಡುಕತೊಡಗಿದರು. "ನಾನು ನೋಡಿದ್ದೂ ಈಗಲೇ."

ಸೊಸೆ ಅತ್ತೆಯ ಚಪ್ಪಲಿಗಳನ್ನು ತಾನೇ ತಂದು ಅವರ ಕಾಲಿನ ಮುಂದಿಟ್ಟಳು.

ತರಬೇತಿ ಮುಗಿದ ಮೇಲೆ ಅವಳಿಗೆ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕಲಿಯುತ್ತ ಮಾಡುವ ಕೆಲಸ. ರೋಗಿಗಳ ವಿವರ ಒಂದು ವಿಭಾಗದಿಂದ ಇನ್ನೊಂದಕ್ಕೆ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವುದು, ತಪ್ಪಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕುವುದು. ಆಸ್ಪತ್ರೆಯಲ್ಲಿ ಕೆಲಸದವರ ಮಕ್ಕಳಿಗೊಂದು ಕೋಣೆಯಿತ್ತು. ಅತ್ತೆ ಖುದ್ದಾಗಿ ಹೋಗಿ, ಅಲ್ಲಿನ ಹಾಸಿಗೆಬಟ್ಟೆ ಮೂಸಿ ನೋಡಿ, "ಪರವಾಗಿಲ್ಲ, ಯಾರೋ ತಿಳಿದವರು ಒಗೆದಿದ್ದಾರೆ" ಎಂದು ಒಪ್ಪಿಗೆ ಕೊಟ್ಟು ಬಂದರು. ಮೊದಲ ತಿಂಗಳು ಸುಲಭವಾಗಿರಲಿಲ್ಲ. ಮೀಟಿಂಗಿನಲ್ಲಿ ಅವಳೊಬ್ಬಳೇ ಹೆಂಗಸು, ಹೇಳಿದ ಮಾತು ಗಾಳಿಗೆ ಹೋಗುತ್ತಿತ್ತು. ಅದೇ ಮಾತನ್ನು ಪಕ್ಕದವನು ಹೇಳಿದರೆ ಎಲ್ಲರೂ ತಲೆದೂಗುತ್ತಿದ್ದರು. ಮನೆಗೆ ಬಂದು ಹೇಳಿದಾಗ ಅತ್ತೆ, "ಎರಡು ಸಲ ಹೇಳು. ಎರಡನೇ ಸಲ ನಿಂತ್ಕೊಂಡು ಹೇಳು," ಎಂದರು. ಹಾಗೇ ಮಾಡಿದಳು. ಉಪಾಯ ಫಲಿಸಿತು, ಪ್ರತಿ ಸಲ ಅಲ್ಲ.

ಲಾಂಡ್ರಿಯಲ್ಲಿ ಅತ್ತೆಯ ಬಾಯಿಗೆ ಈಗ ಹೊಸ ಕೆಲಸ ಹುಟ್ಟಿತ್ತು. ಮಡಿಸುವ ಮೇಜಿಗೆ ಯಾವ ಹೊಸ ಹುಡುಗಿ ಬಂದರೂ, "ನಿನ್ನ ವಯಸ್ಸಿಗೆ ಇಲ್ಲೇನು ಮಾಡ್ತಿದ್ದೀಯ" ಎಂದು ಶುರು. ಬಸ್ಸಿನಲ್ಲಿ ಪಕ್ಕ ಕೂತವಳನ್ನೂ ಬಿಡುತ್ತಿರಲಿಲ್ಲ. ಅತ್ತೆಯನ್ನು ಸ್ವಲ್ಪ ಹಿಡಿದುಕೋ, ಕೋಣೆಯಲ್ಲಿ ಕುರ್ಚಿ ಸಾಲುತ್ತಿಲ್ಲ ಎಂದು ಕಂಪ್ಯೂಟರಮ್ಮ ಸೊಸೆಗೆ ಫೋನ್ ಮಾಡಿ ಹೇಳಿದರು.

ಒಂದು ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹದಿನೆಂಟು ಹತ್ತೊಂಬತ್ತರ ಹುಡುಗಿಯೊಬ್ಬಳು, ಮಡಿಸುವ ಮೇಜಿಗೆ ಹೊಸದಾಗಿ ಬಂದವಳು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿದ್ದಳು. "ಇಸ್ತ್ರಿ ಅಮ್ಮ ಕಳಿಸಿದ್ರು. ನಿಮ್ಮನ್ನ ಕೇಳು ಅಂದ್ರು."

ಸೊಸೆ ಅವಳನ್ನು ಮಂಚದ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. "ಏನು ಕೇಳು ಅಂದ್ರು?"

"ಅದೇ ಗೊತ್ತಿಲ್ಲ ಅಕ್ಕ. ನನಗೆ ಗಣಿತ ಅಷ್ಟಾಗಿ ಬರಲ್ಲ. ಓದು ಬಿಟ್ಟು ಎರಡು ವರ್ಷ ಆಯ್ತು. ನನ್ನಂಥವಳಿಗೆ ಅದೆಲ್ಲ ಆಗುತ್ತಾ?"

ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯ ಸದ್ದು ನಿಲ್ಲಿಸಿದ್ದು ಸೊಸೆಗೆ ತಿಳಿಯಿತು.

"ಆಗುತ್ತೆ ಅಂತ ನಾನು ಹೇಗೆ ಹೇಳ್ಲಿ," ಎಂದಳು. "ಕಷ್ಟ ಇದೆ. ಬೇರೆಯವರು ಬೇಗ ಕಲೀತಾರೆ, ನೀನು ನಿಧಾನ ಅನಿಸುತ್ತೆ. ಮೊದಲ ತಿಂಗಳು ಒಂದಲ್ಲ ಒಂದು ದಿನ ಅಳು ಬಂದೇ ಬರುತ್ತೆ. ಬಂದ್ರೆ ಅಲ್ಲೇ ಅತ್ತುಬಿಡು, ಓಡಿಹೋಗಬೇಡ. ಅಷ್ಟು ಮಾಡಿದ್ರೆ ಸಾಕು, ಉಳಿದದ್ದನ್ನ ಅವರು ಕಲಿಸ್ತಾರೆ." ಸ್ವಲ್ಪ ಯೋಚಿಸಿ ಕೇಳಿದಳು, "ನಿನಗೆ ಇಷ್ಟ ಇದೆಯಾ?"

ಹುಡುಗಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಒಳಗಿನಿಂದ ಅತ್ತೆ ಮೂರು ಲೋಟ ಚಹಾ ತಂದು ಮಂಚದ ತುದಿಗೆ ಇಟ್ಟು, ಏನೂ ಬೈಯದೆ, ಅಲ್ಲೇ ನೆಲದ ಮೇಲೆ ಕೂತು ಕಾದರು.